ಬೆಲೆ ಹೇಳದ ಮೊದಲ ಮೆಸೇಜು

ಮೊದಲ ಮೆಸೇಜಿನಲ್ಲಿ ಬೆಲೆ ಹೇಳಬಾರದಂತೆ, ಫೋಟೋ ಹಾಕಬಾರದಂತೆ. ಇಪ್ಪತ್ತು ವರ್ಷದಿಂದ ಜಾವಾದ ಸೆಮಾರಂಗ್ ಊರಿನ ಈ ಓಣಿಯಲ್ಲಿ ಬಿಸ್ಕತ್ತು ಬೇಯಿಸಿ ಮಾರುತ್ತಿರುವ ನನಗೆ ಇದನ್ನು ಹೇಳಿಕೊಟ್ಟವಳು ನನ್ನ ಮಗಳು ಗಲುಹ್. ಮನೆಯಿಂದ ವ್ಯಾಪಾರ ಮಾಡುವವರಿಗೆಂದು ಯಾರೋ ಫೋನಿನಲ್ಲೇ ನಡೆಸುವ ಮೂರು ದಿನದ ತರಗತಿಗೆ ಸೇರಿದ್ದಳು. ನಾಲ್ಕನೆಯ ದಿನ ನನಗೇ ಗುರುವಾಗಿ ಕುಳಿತಳು.

"ಅಮ್ಮಾ, ಹೋದ ವರ್ಷ ಏನು ಕಳಿಸಿದ್ದೆ ನೋಡು. 'ಅನಾನಸ್ ತುಂಬಿದ ನಾಸ್ತಾರ್ ಬಿಸ್ಕತ್ತಿನ ಡಬ್ಬಿ ಸಿದ್ಧ, ಬೇಕಾದವರು ಬೇಗ ಹೇಳಿ.' ಇದನ್ನ ಯಾರು ಓದ್ತಾರೆ? ಸಂತೇಲಿ ನಿಂತು ಕೂಗಿದ ಹಾಗಿದೆ."

"ಹಾಗೆ ಕೂಗಿದ್ದಕ್ಕೇ ಕಣೆ ನೀನು ಕಾಲೇಜು ಮುಗಿಸಿದ್ದು."

"ಸರಿ, ಕೂಗಿದ್ದು ಸಾಕು. ಈಗ ಮೆಲ್ಲಗೆ ಮಾತಾಡಿಸೋಣ. ಮುಂದಿನ ವಾರ ರಂಜಾನ್ ಉಪವಾಸ ಶುರು. ಎಲ್ಲರೂ ಎಲ್ಲರ ಹತ್ರ ತಪ್ಪು ಮನ್ನಿಸಿ ಅಂತ ಕೇಳೋ ಹೊತ್ತು. ನಾವೂ ಅಷ್ಟೇ ಕೇಳೋಣ. ಮನ್ನಿಸಿ ಅಂದವರಿಗೆ ಉತ್ತರ ಕೊಡದೆ ಇರೋಕೆ ಯಾರಿಗಾಗುತ್ತೆ? ಉತ್ತರ ಬಂದ ತಕ್ಷಣ ಫೋಟೋ, ಬೆಲೆ ಎಲ್ಲ ಕಳಿಸಿಬಿಡೋದು."

ನನಗೆ ಇರಿಸುಮುರಿಸಾಯಿತು. ಉಪವಾಸಕ್ಕೆ ಮುಂಚೆ ಮನಸ್ಸು ತೊಳೆದುಕೊಳ್ಳಲು ಹಿರಿಯರು ಮಾಡಿಟ್ಟ ಪದ್ಧತಿ ಅದು. ಹಾಗೆಂದು ದೊಡ್ಡ ಮಾತಾಡುವ ಯೋಗ್ಯತೆಯೂ ನನಗಿಲ್ಲ. ಪ್ರತಿ ವರ್ಷ ಬೇರೆಯವರಿಂದ ಬಂದ, 'ಮನ್ನಿಸಿ' ಎಂದು ಬರೆದ ಹೂವಿನ ಚಿತ್ರವನ್ನೇ ಇನ್ನಷ್ಟು ಜನರಿಗೆ ದಾಟಿಸಿ ಕೈತೊಳೆದುಕೊಳ್ಳುವವಳು ನಾನು. ಏನಾದರೂ ಮಾಡಿಕೋ ಎಂದು ಫೋನು ಕೊಟ್ಟು ಹಿಟ್ಟು ಕಲೆಸಲು ಹೋದೆ.

ಹುಡುಗಿ ಶ್ರದ್ಧೆಯವಳು. ಹೆಸರಿಲ್ಲದ ಮೆಸೇಜಿಗೆ ಮರ್ಯಾದೆ ಇಲ್ಲವೆಂದು ಒಬ್ಬೊಬ್ಬರ ಹೆಸರನ್ನೂ ತಾನೇ ಬರೆದಳು. ನನ್ನ ಫೋನಿನಲ್ಲಿ ಎಂದೋ ಸೇರಿ, ನಾನೇ ಮರೆತಿದ್ದ ಹೆಸರುಗಳನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನು ಟಿಣ್ ಟಿಣ್ ಎನ್ನತೊಡಗಿತು. ನಾನು ಬಿಸ್ಕತ್ತಿಗೆ ಲವಂಗ ಚುಚ್ಚುತ್ತಾ ಕುಳಿತಿದ್ದೆ. ಅವಳು ಕುಣಿಯುವುದೊಂದು ಬಾಕಿ.

"ಅಮ್ಮಾ, ಇದನ್ನ ಕೇಳು. ಎಷ್ಟು ಉದ್ದ ಬರೆದಿದ್ದಾರೆ! ಸಾಲಾತಿಗಾದ ಯಾಯುಕ್ ಅಕ್ಕ ಅಂತೆ. ಯಾರಮ್ಮ ಇವರು?"

ನಾನು ಲವಂಗದ ಬಟ್ಟಲನ್ನು ಪಕ್ಕಕ್ಕಿಟ್ಟೆ.

ಯಾಯುಕ್ ಅಕ್ಕ ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದವಳು; ಆಗ ಚಿಕ್ಕವಳಾಗಿದ್ದ ಗಲುಹ್ ಅವಳನ್ನು ಬರೀ ದೊಡ್ಡಮ್ಮ ಎನ್ನುತ್ತಿದ್ದಳು, ಹೆಸರು ತಿಳಿದಿರಲಿಲ್ಲ. ಒಲೆಯ ಕೆಲಸವೆಲ್ಲ ನಾನು ಕಲಿತದ್ದು ಅವಳಿಂದಲೇ. ಇಬ್ಬರೂ ಸೇರಿ ಮದುವೆ ಮುಂಜಿಗಳಿಗೆ ತಿಂಡಿ ಮಾಡಿಕೊಡುತ್ತಿದ್ದೆವು. ಹನ್ನೊಂದು ವರ್ಷದ ಹಿಂದೆ ಒಂದು ಸುನ್ನತಿ ಮುಂಜಿಯ ಮನೆಗೆ ಮೊಟ್ಟೆ-ಹಾಲಿನ ಕೆನೆ ತುಂಬಿದ ಸೂಸ್ ಎಂಬ ತಿಂಡಿ ಮಾಡಬೇಕಿತ್ತು. ಅಕ್ಕ ಕೆನೆ ಕಾಯಿಸಿ, "ಆರಿದ ಮೇಲೆ ಫ್ರಿಜ್ಜಿಗಿಡು ನಾರ್ಸಿ," ಎಂದು ಹೇಳಿ ಪೇಟೆಗೆ ಹೋದಳು. ನಾನು ಯಾರದೋ ಮನೆಯ ಜಗಳ ಕೇಳುತ್ತಾ ಬೇಲಿಯ ಹತ್ತಿರ ನಿಂತುಬಿಟ್ಟೆ. ಆ ಸೆಕೆಯಲ್ಲಿ ಕೆನೆ ಇಡೀ ಮಧ್ಯಾಹ್ನ ಹೊರಗೇ ಇತ್ತು. ಅಕ್ಕ ಬರುವ ಸದ್ದು ಕೇಳಿ ಒಳಗೆ ತಳ್ಳಿದೆ. ಬಾಯಿ ಬಿಡಲಿಲ್ಲ.

ಮರುದಿನ ಮೂವತ್ತು ಜನ ವಾಂತಿ ಮಾಡಿಕೊಂಡರು. ಮುಂಜಿ ಆದ ಮಗುವನ್ನೂ ಆಸ್ಪತ್ರೆಗೆ ಸೇರಿಸಿದರು. ಮನೆಯವರು ಬಂದು ಬಾಗಿಲಲ್ಲಿ ನಿಂತಾಗ ನಾನು ಹೇಳಿದ್ದು ಒಂದೇ ಮಾತು. "ಕೆನೆ ಕಾಯಿಸಿದ್ದು ಯಾಯುಕ್ ಅಕ್ಕ."

ಸುಳ್ಳೇನೂ ಅಲ್ಲ ನೋಡಿ. ಆ ಒಂದು ಮಾತಿನ ನೆರಳಲ್ಲೇ ನಾನು ಹನ್ನೊಂದು ವರ್ಷ ಬಿಸ್ಕತ್ತು ಮಾರಿದ್ದೇನೆ.

ಗಲುಹ್ ಜೋರಾಗಿ ಓದಿದಳು: "ನಾರ್ಸಿ, ನಿನ್ನ ಹೆಸರು ನೋಡಿ ಅಳು ಬಂತು. ಮನ್ನಿಸು ಅಂತ ನೀನು ಕೇಳ್ತೀಯಾ? ಕೇಳಬೇಕಾದವಳು ನಾನು. ಕೆನೆ ಸರಿಯಾಗಿ ಕುದಿಸದೆ ನಿನ್ನ ಹೆಸರನ್ನೂ ಕೆಡಿಸಿದೆ. ಆ ಮಗುವಿನ ಮುಖ ಇನ್ನೂ ಕಣ್ಣೆದುರಿಗೆ ಬರುತ್ತೆ. ಅವತ್ತಿನಿಂದ ಮಾರೋಕೆ ಅಂತ ಒಲೆ ಹಚ್ಚಿಲ್ಲ. ನಿನ್ನಿಂದ ಏನಾದ್ರೂ ತಪ್ಪಾಗಿದ್ರೆ ಮನಸಾರೆ ಮನ್ನಿಸಿದ್ದೀನಿ. ನೀನೂ ನನ್ನ ಮನ್ನಿಸು."

"ಪಾಪ, ಎಷ್ಟು ಒಳ್ಳೆಯವರು," ಎಂದಳು ಗಲುಹ್. "ಬೆಲೆ ಪಟ್ಟಿ ಆಗಲೇ ಕಳಿಸಿದೆ."

"ಏನು ಮಾಡಿದೆ?"

"ಉತ್ತರ ಬಂದವರಿಗೆಲ್ಲ ಕಳಿಸ್ತಾ ಇದ್ದೀನಲ್ಲಮ್ಮ. ನೋಡು, ಆರ್ಡರೂ ಬಂತು! 'ಎರಡು ಡಬ್ಬಿ ಕಳಿಸು. ನನ್ನ ಕೈಯಲ್ಲಂತೂ ಆಗಲ್ಲ, ನಿನ್ನ ಕೈರುಚಿ ತಿಂತೀನಿ.'"

ನನ್ನ ತಪ್ಪನ್ನು ಅಕ್ಕ ತನ್ನದೆಂದೇ ನಂಬಿ ಹೊತ್ತಿದ್ದಾಳೆ, ನಾನು ಅವಳಿಗೆ ಬಿಸ್ಕತ್ತು ಮಾರುತ್ತಿದ್ದೇನೆ. ಸುಮ್ಮನಿದ್ದುಬಿಡಬಹುದಿತ್ತು. ನಿಜ ಹೇಳುತ್ತೇನೆ, ಹಾಗೆಯೂ ಅನ್ನಿಸಿತು. ಎರಡರ ಬದಲು ನಾಲ್ಕು ಡಬ್ಬಿ ಕಳಿಸಿದರೆ ಸರಿಹೋದೀತು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಮಗಳ ಕೈಯಿಂದ ಫೋನು ಕಿತ್ತುಕೊಂಡು ಹಿತ್ತಲಿಗೆ ಹೋಗಿ ಕರೆ ಮಾಡಿದೆ.

"ನಾರ್ಸೀ! ನಿನ್ನ ದನಿ ಕೇಳಿ ಎಷ್ಟು ವರ್ಷ ಆಯ್ತೇ! ಫೋಟೋ ನೋಡ್ತಾ ಇದ್ದೆ. ಏನು ಬಣ್ಣ ಬಂದಿದೆ! ಬೆಣ್ಣೆ ಯಾವುದು ಹಾಕ್ತೀಯ? ಹೋಗ್ಲಿ ಬಿಡು, ನನಗ್ಯಾಕೆ ಅದೆಲ್ಲ."

"ಅಕ್ಕಾ, ಒಂದು ನಿಮಿಷ ನನ್ನ ಮಾತು ಕೇಳು."

"ಹೇಳೇ. ಗಲುಹ್ ಎಷ್ಟು ದೊಡ್ಡೋಳಾದ್ಲು?"

"ನೀನು ಕೆನೆ ಸರಿಯಾಗೇ ಕುದಿಸಿದ್ದೆ. ಫ್ರಿಜ್ಜಿಗಿಡೋದು ಮರೆತವಳು ನಾನು. ಸಂಜೆವರೆಗೂ ಹೊರಗೇ ಇತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ."

ಆ ಕಡೆ ಮೋಟಾರುಬೈಕೊಂದು ಹಾದುಹೋದ ಸದ್ದು ಕೇಳಿತು. ಅಕ್ಕ ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೇ ಹಗುರಾಗುತ್ತಿತ್ತು.

"ನಮ್ಮಮ್ಮ ತೀರಿಹೋಗಿ ಎರಡು ವರ್ಷ ಆಯ್ತು ನಾರ್ಸಿ," ಎಂದಳು ಕೊನೆಗೆ. ದನಿ ಬಹಳ ತಗ್ಗಿತ್ತು. "ಆ ಮುಂಜಿ ಆದ ಮೇಲೆ ಅಮ್ಮ ನನ್ನ ಕೈಯಡಿಗೆ ಊಟ ಮಾಡಲಿಲ್ಲ. ಹಾಸಿಗೆ ಹಿಡಿದಾಗಲೂ ಗಂಜಿ ಪಕ್ಕದ ಮನೆಯವರೇ ತರಬೇಕಾಗಿತ್ತು. ನಾನು ಚಮಚ ಹಿಡಿದ್ರೆ ಮುಖ ತಿರುಗಿಸ್ತಿದ್ರು."

"ಅಕ್ಕಾ, ನನಗೆ ಗೊತ್ತಿರಲಿಲ್ಲ..."

"ನೀನು ಮೆಸೇಜು ಬರೆದಾಗ ಇದೆಲ್ಲ ನೆನಪಿತ್ತಾ? ಅದಕ್ಕೇ ಮನ್ನಿಸು ಅಂದ್ಯಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ ಅಕ್ಕ. ಅದು ಮಗಳು ಬರೆದಿದ್ದು. ಎಲ್ಲರಿಗೂ ಅದನ್ನೇ ಕಳಿಸಿದ್ಲು. ಉತ್ತರ ಬರಲಿ ಅಂತ."

"ಎಲ್ಲರಿಗೂ," ಎಂದು ಅಕ್ಕ ಮೆಲ್ಲಗೆ ಹೇಳಿಕೊಂಡಳು. ಕರೆ ಕಡಿಯಿತು.

ಒಳಗೆ ಬಂದು ಗಲುಹ್ ಪಕ್ಕದಲ್ಲಿ ಕುಳಿತು ನಡೆದದ್ದೆಲ್ಲ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಫೋನನ್ನೇ ನೋಡುತ್ತಿದ್ದಳು. ನೋಡುತ್ತಿದ್ದ ಹಾಗೇ ಯಾಯುಕ್ ಅಕ್ಕನ ಆ ಉದ್ದದ ಮೆಸೇಜು ಮಾಯವಾಯಿತು. ಅದಿದ್ದ ಜಾಗದಲ್ಲಿ, ಈ ಮೆಸೇಜನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಉಳಿಯಿತು.

"ಮನ್ನಿಸಿದ್ದನ್ನ ವಾಪಸ್ ತಗೊಂಡ್ರು," ಎಂದಳು ಗಲುಹ್. ಬೆರಳಿಂದ ಕೆಳಗೆ ಸರಿಸಿ, "ಆರ್ಡರ್ ಅಳಿಸಿಲ್ಲಮ್ಮ, ಹಾಗೇ ಇದೆ. ಕಳಿಸೋದಾ?" ಎಂದಳು.

'ನಿನ್ನ ಕೈರುಚಿ ತಿಂತೀನಿ' ಎಂಬ ಆ ಸಾಲೂ ಈಗ ಹೋಗುತ್ತದೆಯೋ ಎಂದು ಫೋನನ್ನೇ ನೋಡುತ್ತಾ ಕುಳಿತೆ.