ಕೊಂಡುಕುರಿಯ ಬೇನೆ, ಜುಂಜಪ್ಪನ ಹಿಂಡು

ಜಗಳೂರಿನ ಕಾಡಂಚಿನ ಹೊಂಡದ ಬಳಿ ನಾಲ್ಕು ಕೊಂಬಿನ, ಜಿಂಕೆಯಂಥ ಕೊಂಡುಕುರಿಯೊಂದು ಸತ್ತು ಬಿದ್ದಿತ್ತು. ಮೂಗು, ಬಾಯಿ ಸೋರಿ ಒಣಗಿದ್ದವು. ಅದೇ ಹೊಂಡದಲ್ಲಿ ಕುರಿಗಾಹಿ ಜುಂಜಪ್ಪನ ಕುರಿಗಳೂ ನೀರು ಕುಡಿಯುತ್ತಿದ್ದವು. ಪಶುವೈದ್ಯರು ಪರೀಕ್ಷೆ ಮಾಡಿದಾಗ ಅದು ಹಿರೇಬೇನೆ, ಅಂದರೆ ಕುರಿ-ಮೇಕೆಗಳಿಗೂ ಬೇಗ ಹರಡುವ ಪಿಪಿಆರ್ ರೋಗ ಎಂದು ಗೊತ್ತಾಯಿತು.

ಸುದ್ದಿ ತಿಳಿದ ದಿನವೇ ಊರಿನ ದನಕುರಿಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ ಅಂಬಿಕಾ ಜುಂಜಪ್ಪನ ಕುರಿರೊಪ್ಪಕ್ಕೆ ಬಂದಳು.

"ಮಾವ, ನಾಳೆ ಲಸಿಕೆ ಹಾಕಾಕೆ ಡಾಕ್ಟ್ರು ಬರ್ತಾರೆ. ಕುರಿ ಎಷ್ಟದಾವೆ ಹೇಳ್ರಿ."

"ನಲವತ್ತು ಅಂತ ಬರ್ಕೋ."

ಅವನ ಹೆಂಡತಿ ಓಬವ್ವ ನಕ್ಕಳು. "ಹೋದ ವರ್ಷನೂ ನಲವತ್ತು, ಅದರ ಹಿಂದಿನ ವರ್ಷನೂ ನಲವತ್ತು. ನಮ್ಮ ಕುರಿ ಮರಿನೇ ಹಾಕಂಗಿಲ್ಲ ನೋಡವ್ವ!"

"ಸುಮ್ನಿರೇ! ಹಿಂಡಿನ ಲೆಕ್ಕ ಬಾಯಾಗೆ ಬಂದ್ರೆ ದೃಷ್ಟಿ ಆಗ್ತೈತೆ. ನಮ್ಮಪ್ಪನೂ ಹೇಳ್ತಿರ್ಲಿಲ್ಲ. ಅಲ್ದೆ ಕಾಡಿನ ಪ್ರಾಣಿ ಸತ್ರೆ ನನ್ನ ಕುರಿಗೇನು?"

ಅಂಬಿಕಾ ವಾದಕ್ಕೆ ಇಳಿಯಲಿಲ್ಲ. ಒಂದು ಮೊರ ಶೇಂಗಾ ತರಿಸಿ ಕಂಬಳಿಯ ಮೇಲೆ ಹರವಿದಳು. ಒಂದು ಕಾಯಿ ಸುಲಿದಳು.

"ಇದು ಬೇನೆ ಬಂದ ಕುರಿ. ಇದು ಮೂರಕ್ಕೆ ಹಚ್ತು ಅನ್ರಿ. ಆ ಮೂರೂ ಮತ್ತೆ ಮೂರು ಮೂರಕ್ಕೆ. ಸುಲೀರಿ ಮಾವ."

ಮೂರು, ಒಂಬತ್ತು, ಇಪ್ಪತ್ತೇಳು. ಕಂಬಳಿ ತುಂಬ ಸಿಪ್ಪೆ.

"ನಿನ್ನ ಬೇನೆ ಬಲು ರುಚಿ ಐತೆ ಬಿಡು," ಓಬವ್ವ ಬೀಜ ಬಾಯಿಗೆ ಹಾಕಿಕೊಂಡಳು.

ಅಂಬಿಕಾ ಮತ್ತೆ ಶೇಂಗಾ ಹರವಿದಳು. ಈ ಸಲ ಹೆಚ್ಚಿನ ಕಾಯಿಗಳ ಮೇಲೆ ಮೊರ ಬೋರಲು ಹಾಕಿದಳು. "ಇವು ಲಸಿಕೆ ಆದವು. ಮುಟ್ಟಂಗಿಲ್ಲ. ಈಗ ಹಚ್ರಿ." ಎರಡು ಕಾಯಿ ಸುಲಿಯುವಷ್ಟರಲ್ಲಿ ಆಟ ಮುಗಿಯಿತು.

"ವಿಜ್ಞಾನಿಗಳು ಕಂಪ್ಯೂಟರಿನಾಗೆ ಇದನ್ನೇ ಮಾಡ್ತಾರೆ. ಕೊಂಡುಕುರಿ ಎಷ್ಟು, ಕುರಿ ಎಷ್ಟು, ಹೊಂಡದಾಗೆ ಎಷ್ಟು ಸಲ ಎದುರಾಗ್ತಾವೆ, ಒಂದರಿಂದ ಎಷ್ಟಕ್ಕೆ ಹಚ್ತೈತೆ. ಇಷ್ಟು ಸಿಕ್ರೆ ಬೇನೆ ಎತ್ತ ಹೋಗ್ತೈತೆ, ಎಷ್ಟು ಕುರಿಗೆ ಲಸಿಕೆ ಹಾಕಿದ್ರೆ ನಿಲ್ತೈತೆ ಅಂತ ಮೊದಲೇ ಅಂದಾಜು ಮಾಡ್ಬಹುದು. ಕೊಂಡುಕುರಿ ಹಿಡಿದು ಸೂಜಿ ಚುಚ್ಚಾಕೆ ಆಗ್ತೈತಾ? ನಿಮ್ಮವುಕ್ಕೆ ಹಾಕಿದ್ರೆ ಅವೂ ಉಳಿತಾವೆ. ನೀವು ನಲವತ್ತು ಅಂದ್ರೆ ಲಸಿಕೆ ನಲವತ್ತೇ ಬರ್ತೈತೆ, ಅವರ ಲೆಕ್ಕಾನೂ ತಪ್ತೈತೆ. ಉಳಿದ ಕುರಿ ಗತಿ?"

ಜುಂಜಪ್ಪ ಸಿಪ್ಪೆಯ ರಾಶಿಯನ್ನು ಕೈಯಿಂದ ಪಕ್ಕಕ್ಕೆ ಬಾಚಿದ. ಆಮೇಲೆ ಎದ್ದು ರೊಪ್ಪದ ಮುಳ್ಳುಬೇಲಿ ಸರಿಸಿದ.

"ನನ್ನ ಬಾಯಿಂದ ಮಾತ್ರ ಹೇಳಲ್ಲ. ನೀನೇ ಎಣಿಸ್ಕೋ. ನಾನು ಆ ಕಡೆ ಮುಖ ಮಾಡಿ ನಿಂತಿರ್ತೀನಿ."

ಕುರಿಗಳು ಒಂದೊಂದೇ ಹೊರಬಂದವು. ತೊಂಬತ್ತಾರು!

"ಹಿತ್ತಲಾಗೆ ಇನ್ನೂ ಒಂಬತ್ತು ಅದಾವೆ ಕಣವ್ವ," ಓಬವ್ವ ಕೂಗಿದಳು. ಬೆನ್ನು ಮಾಡಿ ನಿಂತಿದ್ದ ಜುಂಜಪ್ಪನಿಗೂ ನಗು ತಡೆಯಲಾಗಲಿಲ್ಲ.

ಮರುದಿನ ನಾಲ್ಕು ತಿಂಗಳು ತುಂಬಿದ ಎಲ್ಲ ಕುರಿಗಳಿಗೂ ಲಸಿಕೆ ಬಿತ್ತು.

ಕುರಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಕಾಡಿನಲ್ಲಿ ಪ್ರಾಣಿ ಸತ್ತಿದ್ದರೆ ಮುಟ್ಟಬೇಡಿ, ಅರಣ್ಯದವರಿಗೋ ಪಶು ಆಸ್ಪತ್ರೆಗೋ ಅಂದೇ ತಿಳಿಸಿ. ಹಿಂಡಿನ ನಿಜ ಸಂಖ್ಯೆ ಕೊಡಿ, ಲಸಿಕೆ ಹಾಕಿಸಿ. ಬಾಯಿಂದ ಹೇಳಲು ಮನಸ್ಸಿಲ್ಲವೇ? ಚಿಂತೆಯಿಲ್ಲ. ಬೇಲಿ ಸರಿಸಿ, ಪಶುಸಖಿಯೇ ಎಣಿಸಿಕೊಳ್ಳುತ್ತಾಳೆ.