ಮೂರು ನವಿಲಿನ ಜಾಕೆಟ್ಟು

ಖಾಲಿ ಚೀಲದ ವ್ಯಾಪಾರ ನನ್ನದು. ತುಮಕೂರಿನ ಬೇಕರಿಗಳಿಂದ ಮೈದಾ ಚೀಲ ತಂದು ಮಂಡಿಪೇಟೆಯ ಅಂಗಡಿಯಲ್ಲಿ ಮಾರುತ್ತಿದ್ದೆ, ವಾರಕ್ಕೊಮ್ಮೆ ಗುಬ್ಬಿ ಸಂತೆಗೂ ಹಾಕಿಕೊಂಡು ಹೋಗುತ್ತಿದ್ದೆ. ಆಗ ಚೀಲಗಳು ಹತ್ತಿಬಟ್ಟೆಯವು. ಇಲ್ಲದವರು ಕೊಂಡು ಹೊದಿಕೆ, ಚಡ್ಡಿ, ಒಳಲಂಗ ಹೊಲಿಸಿಕೊಳ್ಳುತ್ತಿದ್ದರು. ಬಟ್ಟೆ ಒಳ್ಳೆಯದೇ, ಆದರೆ ಮೇಲಿನ ಗಿರಣಿಯ ಮುದ್ರೆ ಸುಲಭಕ್ಕೆ ಹೋಗುತ್ತಿರಲಿಲ್ಲ.

ಅದನ್ನು ತೆಗೆಯುವುದರಲ್ಲಿ ಜಮಾಲುನ್ನೀಸಾ ಎತ್ತಿದ ಕೈ. ಅಂಗಡಿಯ ಹಿಂದಿನ ಓಣಿಯಲ್ಲಿ ಮನೆ, ಗಂಡ ತೀರಿಹೋಗಿದ್ದ, ಹೊಲಿಗೆಯೇ ಜೀವನ. ಮುದ್ರೆಗೆ ಸೀಮೆಎಣ್ಣೆ ಸವರಿ, ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಹರವಿದರೆ ಚೀಲ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆ ಇದನ್ನು ಕಲಿತದ್ದಕ್ಕೆ ಕಾರಣ ಇತ್ತು. ಮಗಳು ಅಂಬ್ರೀನ್ ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಬಿದ್ದು ಲಂಗ ಮೇಲಕ್ಕೆ ಹೋಯಿತು. ಒಳಲಂಗದ ಮೇಲೆ ಗಿರಣಿಯ ಮುದ್ರೆ, ಮೂರು ಕೆಂಪು ನವಿಲು, ಕೆಳಗೆ ‘ನಿವ್ವಳ ತೂಕ 90 ಕೆ.ಜಿ.’ ಕಡ್ಡಿಯಂತಿದ್ದ ಹುಡುಗಿಗೆ ‘ತೊಂಬತ್ತು ಕಿಲೋ’ ಅಂತ ಹೆಸರು ಬಿತ್ತು. ಏಳನೇ ಕ್ಲಾಸಿಗೆ ಅವಳು ಶಾಲೆ ಬಿಟ್ಟಳು. ಹೆಸರು ಮಾತ್ರ ಓಣಿಯವರೆಗೂ ಬಂತು.

2003ರಲ್ಲಿ ಬಿಂದುಶ್ರೀ ಅನ್ನುವ ಹುಡುಗಿ ಗುಬ್ಬಿ ಸಂತೆಯಲ್ಲಿ ನನ್ನ ಮುಂದೆ ನಿಂತಳು. ಅವಳ ತಾತ ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದವರು. ಇವಳು ಬೆಂಗಳೂರಲ್ಲಿ ಬಟ್ಟೆ ಡಿಸೈನ್ ಮಾಡುತ್ತಿದ್ದಳು. ದೊಡ್ಡ ಹೋಟೆಲ್ಲಿನಲ್ಲಿ ಫ್ಯಾಷನ್ ಶೋ ಇದೆ, ಅದಕ್ಕೆ ಸಂತೆಯಂತೆಯೇ ರಂಗ ಕಟ್ಟುತ್ತೇವೆ ಅಂದಳು. ಹೊರದೇಶದಲ್ಲಿ ಡಬ್ಬಿ, ಸೋಪಿನ ಪೊಟ್ಟಣಗಳನ್ನೇ ಚಿತ್ರ ಬರೆದು ಗೋಡೆಗೆ ಹಾಕುತ್ತಾರಂತೆ, ಅದಕ್ಕೆ ಪಾಪ್ ಆರ್ಟ್ ಅನ್ನುತ್ತಾರಂತೆ. ನಾವೆಲ್ಲ ಈಗ ಕೊಳ್ಳುವುದು ಸಾಮಾನನ್ನಲ್ಲ, ಅದರ ಮೇಲಿನ ಹೆಸರನ್ನು. ಈ ಚೀಲಗಳಲ್ಲೇ, ಮುದ್ರೆ ಇದ್ದ ಹಾಗೇ, ಜಾಕೆಟ್ಟು ಹೊಲಿಸಿ ಅದನ್ನೇ ಮೈಮೇಲೆ ಹಾಕಿ ತೋರಿಸುತ್ತೇನೆ ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಕಾಣಲಿಲ್ಲ. ಒಂದು ಜಾಕೆಟ್ಟಿನ ಬೆಲೆ ಕೇಳಿದೆ. ನನ್ನ ಅಂಗಡಿಯ ಚೀಲಗಳನ್ನೆಲ್ಲ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಅವಳನ್ನು ಜಮಾಲುನ್ನೀಸಾ ಮನೆಗೆ ಕರೆತಂದವನು ನಾನೇ. ಅಂಬ್ರೀನ್‌ಗೆ ಆಗ ಹತ್ತೊಂಬತ್ತು. ತಾಯಿಗಿಂತ ಕೈ ಚುರುಕು. ಒಂದೇ ದಿನದಲ್ಲಿ ಮಾದರಿ ಜಾಕೆಟ್ಟು ಹೊಲಿದುಕೊಟ್ಟಳು, ಮೂರು ನವಿಲು ಬೆನ್ನಿನ ಮಧ್ಯಕ್ಕೆ ಬರುವ ಹಾಗೆ. ಬಿಂದುಶ್ರೀ ಅದನ್ನು ಹಾಕಿಕೊಂಡೇ ಕಾರು ಹತ್ತಿದಳು. ಹೊರಡುವ ಮೊದಲು ಮಾತು ಕೊಟ್ಟಳು: ಹೀಗೇ ಹದಿನೈದು ಹೊಲಿದುಕೊಟ್ಟರೆ ಇಲ್ಲೇ ತುಮಕೂರಲ್ಲಿ ಹತ್ತು ಮೆಷಿನ್ನು ಹಾಕಿಸುತ್ತೇನೆ, ನೋಡಿಕೊಳ್ಳುವವಳು ಅಂಬ್ರೀನೇ.

ಅಂಬ್ರೀನ್ ಇಪ್ಪತ್ತು ದಿನ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಮೆಷಿನ್ನು ಹಾಕಲು ರೂಮು ನೋಡಿಟ್ಟಿದ್ದಳು. “ಮಾಮ, ಬಾಗಿಲ ಮೇಲೆ ಬೋರ್ಡ್ ಹಾಕಿಸ್ತೀನಿ. ‘ತೊಂಬತ್ತು ಕಿಲೋ’ ಅಂತ್ಲೇ ಬರೆಸ್ತೀನಿ, ನೋಡ್ತಿರಿ,” ಅಂದಳು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹದಿನೈದೂ ಮುಗಿದ ಮೇಲೆ, ಕಾರು ಬರಲು ಮೂರು ದಿನ ಇರುವಾಗ, ಅಂಬ್ರೀನ್ ಮಾವನ ಮಗಳ ನಿಕಾಹ್‌ಗೆ ಕುಣಿಗಲ್ಲಿಗೆ ಹೋದಳು. ಕಾಲು ನೋವೆಂದು ತಾಯಿ ಉಳಿದಳು. ಆ ಮಧ್ಯಾಹ್ನ ಜಮಾಲುನ್ನೀಸಾ ನನ್ನ ಅಂಗಡಿಗೆ ಬಂದು ಮೂಟೆಯ ಮೇಲೆ ಕೂತಳು.

“ರಂಗಣ್ಣ, ಆ ಶೋನಲ್ಲಿ ಹುಡ್ಗೀರು ಇದನ್ನ ಹಾಕ್ಕೊಂಡು ಎಲ್ಲಾರ ಮುಂದೆ ನಡೀತಾರಾ?”

“ನಡೀತಾರೆ ಕಣಮ್ಮ.”

“ಜನ ನಗಲ್ವಾ?”

ಲಾರಿಯಿಂದ ಮಾಲು ಇಳಿಯುತ್ತಿತ್ತು, ನನ್ನ ಗಮನ ಅಲ್ಲಿ. “ನಗ್ತಾರೆ ಬುಡು. ನಗ್ಲಿ ಅಂತಾನೇ ಮಾಡೋದು ಅವ್ರು,” ಅಂದುಬಿಟ್ಟೆ.

ಆಕೆ ಎದ್ದು ಹೋದಳು. ಹೋಗುವಾಗ ಎರಡು ಲೀಟರ್ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಅಂತ ಕೇಳಿದಳು. ಒಲೆಗಿರಬೇಕು ಅಂದುಕೊಂಡು ಹೇಳಿದೆ.

ಭಾನುವಾರ ಅವರ ಮಾಳಿಗೆಯ ಹಗ್ಗದ ಮೇಲೆ ಹದಿನೈದು ಜಾಕೆಟ್ಟು ಒಣಗುತ್ತಿದ್ದವು. ಹಾಲಿನಂತೆ ಬಿಳುಪು. ಒಂದು ನವಿಲಿನ ಗರಿಯೂ ಉಳಿದಿರಲಿಲ್ಲ. ಬಟ್ಟೆ ಕತ್ತರಿಸಿ ಹೊಲಿದ ಮೇಲೆ ಮುದ್ರೆ ತೆಗೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹೊಲಿಗೆ ಒಂದೂ ಸುಕ್ಕಾಗಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು.

ಓಡಿಹೋಗಿ ಕೇಳಿದೆ. ಆಕೆ ಸಮಾಧಾನವಾಗಿಯೇ ಹೇಳಿದಳು. ಬಿಂದುಶ್ರೀ ಇನ್ನೂ ಮಗು, ಉಳ್ಳವರ ಮನೇಲಿ ಬೆಳೆದವಳು, ಈ ನಗು ಏನು ಅಂತ ಅವಳಿಗೆ ಗೊತ್ತಿಲ್ಲ. ಹಾಕಿಕೊಳ್ಳುವ ಹುಡುಗಿಯರೂ ಯಾರೋ ಹೆತ್ತ ಮಕ್ಕಳೇ. ಮುದ್ರೆ ತೆಗೆದುಕೊಟ್ಟದ್ದಕ್ಕೆ ಇಷ್ಟು ವರ್ಷದಲ್ಲಿ ಒಬ್ಬರೂ ಬೈದಿಲ್ಲ. ಇವರ ಹತ್ತಿರ ಅದಕ್ಕೆ ಬೇರೆ ಕೂಲಿಯನ್ನೂ ಕೇಳುವುದಿಲ್ಲ.

ಸಂಜೆ ಅಂಬ್ರೀನ್ ಬಸ್ಸಿಳಿದು ಬಂದಳು, ಕೈಯಲ್ಲಿ ಮೆಹಂದಿ. ಹಗ್ಗ ನೋಡಿದಳು. ಒಂದೊಂದನ್ನೇ ಇಳಿಸಿ ಬೆನ್ನಿನ ಭಾಗ ಬೆಳಕಿಗೆ ಹಿಡಿದು ಹುಡುಕಿದಳು, ಹದಿನೈದನ್ನೂ. ಆಮೇಲೆ ಮಡಿಸಿಟ್ಟಳು.

ಮಾರನೇ ದಿನ ಬಿಂದುಶ್ರೀ ಬಂದಳು. ನನ್ನಲ್ಲಿ ಮೂರು ನವಿಲಿನ ಚೀಲ ಬಾಕಿ ಇರಲಿಲ್ಲ. ಆ ಗಿರಣಿ ಆಗಲೇ ಪ್ಲಾಸ್ಟಿಕ್‌ಗೆ ತಿರುಗಿತ್ತು. ಇದ್ದರೂ ಶೋ ಗುರುವಾರವೇ. ಹುಡುಗಿ ಒಳ್ಳೆಯವಳು, ದನಿ ಎತ್ತಲಿಲ್ಲ. ಜಾಕೆಟ್ಟನ್ನು ಸವರಿದಳು.

“ತುಂಬಾ ನೀಟಾಗಿದೆ, ಆಂಟಿ. ಆದ್ರೆ ಇದು ಈಗ ಬರೀ ಬಿಳಿ ಬಟ್ಟೆ.”

ಹೊಲಿಗೆಯ ಕೂಲಿ ಕೊಟ್ಟು ಹೋದಳು. ಮೆಷಿನ್ನಿನ ಮಾತು ಅವಳೂ ಎತ್ತಲಿಲ್ಲ, ಅಂಬ್ರೀನೂ ಕೇಳಲಿಲ್ಲ.

ಮುಂದಿನ ವಾರದ ಪೇಪರಿನಲ್ಲಿ ಫೋಟೋ ಬಂತು. ಉದ್ದನೆಯ ಹುಡುಗಿಯರು ಸಾಲಾಗಿ ಬೆನ್ನು ತಿರುಗಿಸಿ ನಿಂತಿದ್ದರು, ಬೆನ್ನಿನ ಮೇಲೆಲ್ಲ ಮೂರು ನವಿಲು, ನಿವ್ವಳ ತೂಕ 90 ಕೆ.ಜಿ. ಮಾದರಿ ಜಾಕೆಟ್ಟು ಇತ್ತಲ್ಲ, ಅದರ ಮುದ್ರೆಯನ್ನು ಹೊಸ ರೇಷ್ಮೆಯ ಮೇಲೆ ಮೆಷಿನ್ನಿನಲ್ಲಿ ಅಚ್ಚು ಹಾಕಿಸಿದ್ದರು. ಚೀಲವೂ ಬೇಕಾಗಲಿಲ್ಲ.

ಪೇಪರನ್ನು ಬಚ್ಚಿಡೋಣ ಅಂದುಕೊಂಡೆ. ಆದರೆ ಇಂಥವು ಬೇರೆ ಬಾಯಿಂದ ಗೊತ್ತಾದರೆ ಇನ್ನೂ ಕೆಟ್ಟದ್ದು. ತೆಗೆದುಕೊಂಡು ಹೋದೆ. ಅಂಬ್ರೀನ್ ಮನೆಯಲ್ಲಿರಲಿಲ್ಲ. ಅಷ್ಟರಲ್ಲಿ ಗಾರ್ಮೆಂಟ್ಸಿಗೆ ಸೇರಿದ್ದಳು, ಬೆಳಗ್ಗೆ ಆರಕ್ಕೇ ವ್ಯಾನು. ಶರ್ಟಿನ ಕಾಲರಿಗೆ ಕಂಪನಿ ಹೆಸರಿನ ಪಟ್ಟಿ ಹೊಲಿಯುವುದು, ದಿನವಿಡೀ ಅದೊಂದೇ ಕೆಲಸ. ತಾಯಿಯ ಜೊತೆ ಮಾತು ನಿಂತಿತ್ತು. ಊಟ ಬಡಿಸಿದರೆ ಉಣ್ಣುತ್ತಿದ್ದಳು, ಅಷ್ಟೇ. ಆ ಬಿಳಿ ಜಾಕೆಟ್ಟುಗಳು ಮಂಚದ ಕೆಳಗೆ ಹಾಗೇ ಇದ್ದವು.

ಜಮಾಲುನ್ನೀಸಾ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಹಿಂದೆ ಕುರ್ಚಿಗಳಲ್ಲಿ ಕೂತವರ ಮುಖದ ಮೇಲೆ ಬೆರಳಾಡಿಸಿದಳು.

“ಯಾರೂ ನಗ್ಲಿಲ್ವಾ, ರಂಗಣ್ಣ?”

“ಇಲ್ಲ. ಚಪ್ಪಾಳೆ ತಟ್ಟಿದ್ರಂತೆ.”

ಆಕೆ ಪೇಪರನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಮತ್ತೆ ನನ್ ಮಗೂನ ನೋಡಿ ಯಾಕ್ ನಕ್ರು?”

ನಾನು ಚಪ್ಪಲಿ ಮೆಟ್ಟಿಕೊಂಡು, ಅಂಗಡಿಯಲ್ಲಿ ಯಾರೂ ಇಲ್ಲ, ಹೋಗಬೇಕು ಅಂದೆ.