ತಿರುಗಿ ಹೇಳು

"ಬಲಗಡೆ ಕಿಟಕಿ ಮುಚ್ಚಿ. ಪುಟ ಎಪ್ಪತ್ತೆರಡು ತೆಗೀರಿ," ಎಂದರು ಮೇಷ್ಟ್ರು.

"ಬಲಗಡೆ ಕಿಟಕಿ ಮುಚ್ತೀನಿ. ಪುಟ ಏಳು, ಎರಡು," ಎಂದು ಕೊನೆಯ ಬೆಂಚಿನಿಂದ ಗಟ್ಟಿಯಾಗಿ ಉತ್ತರ ಬಂತು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಹೇಳಿದವಳಿಗೆ ಇಪ್ಪತ್ತೇಳು ವರ್ಷ. ಸುತ್ತ ಕೂತವರಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗರು. ಪೈಲಟ್ ಲೈಸೆನ್ಸ್ ಅವಳ ಕೈಗೆ ಬಂದು ವರ್ಷಗಳೇ ಆಗಿದ್ದವು. ವಿಮಾನ ನಿಲ್ದಾಣದ ಟವರಿನವರು ಹೇಳಿದ್ದನ್ನು ಪೈಲಟ್, ಅಂಕಿಗಳನ್ನು ಒಂದೊಂದಾಗಿ ಬಿಡಿಸಿ, ತಿರುಗಿ ಹೇಳಲೇಬೇಕು. ಹೇಳದಿದ್ದರೆ ಒಪ್ಪಿಕೊಂಡ ಹಾಗಲ್ಲ. ನೆಲಕ್ಕಿಳಿದ ಮೇಲೂ ನಾಲಿಗೆ ಆ ಚಾಳಿ ಬಿಟ್ಟಿರಲಿಲ್ಲ. ಹುಡುಗರು ಅವಳಿಗೆ ಕ್ಯಾಪ್ಟನಮ್ಮ ಎಂದು ಹೆಸರಿಟ್ಟಿದ್ದರು.

ಲೈಸೆನ್ಸ್ ಇದ್ದರೂ ಡಿಗ್ರಿ ಇಲ್ಲವೆಂದು ದೊಡ್ಡ ವಿಮಾನದ ಕಂಪನಿಗಳು ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ್ದವು. ಪುಟ್ಟ ವಿಮಾನದ ಬಾಲಕ್ಕೆ ಸೋಪಿನ ಜಾಹೀರಾತು ಕಟ್ಟಿಕೊಂಡು ಊರ ಮೇಲೆ ಸುತ್ತಿ ಸುತ್ತಿ ಸಾಕಾಗಿ ಯೂನಿವರ್ಸಿಟಿ ಸೇರಿದ್ದಳು. ಹಾರಾಟದ ಓದು ತಾನೇ, ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದಳು, ಪಾಪ.

ಕ್ಲಾಸು ಮುಗಿದ ಮೇಲೆ ಉತ್ತರಪತ್ರಿಕೆ ಕೈಗೆ ಬಂತು. ನೂರಕ್ಕೆ ಹನ್ನೊಂದು. ವಿಮಾನದ ರೆಕ್ಕೆ ಯಾಕೆ ಮೇಲೇಳುತ್ತದೆ ಎಂದು ಕೇಳಿದ್ದರೆ ಅವಳು ಹೇಗೆ ಎಬ್ಬಿಸಬೇಕೆಂದು ಬರೆದಿದ್ದಳು: ಎಷ್ಟು ವೇಗ ಬಂದಾಗ, ಎಷ್ಟು ಮೆತ್ತಗೆ ಹಿಡಿ ಎಳೆಯಬೇಕು ಎಂದೆಲ್ಲ.

"ಓದ್ತಾ ಓದ್ತಾ ನಾನೇ ಹಾರಿದ ಹಾಗಾಯ್ತಮ್ಮ," ಎಂದರು ಮೇಷ್ಟ್ರು ತಗ್ಗಿದ ದನಿಯಲ್ಲಿ. "ಆದ್ರೆ ನಾನು ಕೇಳಿದ್ದು ಅದಲ್ಲ. ನಾಳೆ ಇನ್ನೊಂದು ಸಲ ಬರಿ. ಅದೂ ಹೋದ್ರೆ ನನ್ನ ಕೈಲಿ ಏನೂ ಇಲ್ಲ."

ಅವಳು ನೆಟ್ಟಗೆ ಅಮ್ಮನ ಇಸ್ತ್ರಿ ಅಂಗಡಿಗೆ ಬಂದು ಬೆಡ್‌ಶೀಟಿನ ಗಂಟಿನ ಮೇಲೆ ಕುಸಿದಳು.

"ನಾಳೆಯಿಂದ ಹೋಗಲ್ಲಮ್ಮ. ಸೋಪಿನ ಕೆಲಸಕ್ಕೇ ವಾಪಸ್ ಹೋಗ್ತೀನಿ. ಆ ಕ್ಲಾಸಲ್ಲಿ ದಿನಾ ಕೋಣನ ಮುಂದೆ ಕಿನ್ನರಿ ಬಾರಿಸ್ತಾರೆ. ಕೋಣ ನಾನೇ."

ಅಮ್ಮ ಬಂದ ನಗುವನ್ನು ನುಂಗಿಕೊಂಡಳು. ಈ ಮಗಳು ಬಿದ್ದು ಎದ್ದದ್ದನ್ನೆಲ್ಲ ನೋಡಿದ್ದಳು. ಬೇಡ ಎಂದದ್ದನ್ನು ನೋಡಿರಲಿಲ್ಲ. ರೆಕ್ಕೆಯ ಲೆಕ್ಕ ಅವಳಿಗೂ ಗೊತ್ತಿರಲಿಲ್ಲ. ಅವಳು ಬಿಳಿ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದಳು.

"ಈ ಮನೇಲಿ ನನ್ನ ಮಾತು ತಿರುಗಿ ಹೇಳೋಳು ನೀನೊಬ್ಬಳೇ ಕಣೇ. ನಿಮ್ಮಪ್ಪ ಹೂಂ ಅಂತಾರೆ, ಒಂದೂ ಮಾಡಲ್ಲ. ನೀನು ತಿರುಗಿ ಹೇಳಿದ್ರೆ ಮಾಡ್ದೆ ಬಿಟ್ಟವಳಲ್ಲ. ಈಗ ಕೇಳು. ಇವತ್ತು ಕೂತು ಓದು. ಬೆಳಗ್ಗೆ ಎದ್ದು ಕ್ಲಾಸಿಗೆ ಹೋಗು."

ಮಗಳು ಉತ್ತರಪತ್ರಿಕೆಯನ್ನು ಮಡಚಿ ಬ್ಯಾಗಿಗೆ ತುರುಕಿದಳು.

"ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಹಾಗಾದ್ರೆ ತಿರುಗಿ ಹೇಳು."

ಅವಳು ಗಂಟಿನ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಅಂಗಡಿಯ ಮುಂದೆ ಬಸ್ಸೊಂದು ನಿಂತು ಜನರನ್ನಿಳಿಸಿ ಹೋಯಿತು.

"ಇವತ್ತು ಕೂತು ಓದ್ತೀನಿ," ಎಂದಳು ಕೊನೆಗೆ. "ಬೆಳಗ್ಗೆ ಎದ್ದು..."

ಅಮ್ಮ ಕಾದ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯಿಂದ ಒಂದು ಗೇಣು ಮೇಲೆ ಹಿಡಿದು ನಿಂತಳು. ಕೈ ಸೋತರೂ ಕೆಳಗಿಡಲಿಲ್ಲ.

"...ಕ್ಲಾಸಿಗೆ ಹೋಗ್ತೀನಿ."

ಇಸ್ತ್ರಿಪೆಟ್ಟಿಗೆ ಮೆಲ್ಲಗೆ ಬಿಳಿ ತೋಳಿನ ಮೇಲೆ ಇಳಿಯಿತು.